ರೆಕ್ಕೆಯೋ, ಡಬ್ಬಿಯೋ?

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಹೋದರೆ ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರ ಸಿಗುತ್ತದೆ. ಅಲ್ಲಿನ ಒಂದು ಸರ್ಕಾರಿ ಶಾಲೆಯಲ್ಲಿ ಈಚೆಗೆ ಗಗನಯಾನದ ಚಿತ್ರ ತೋರಿಸುತ್ತಿದ್ದೆ. ನಮ್ಮ ಗಗನಯಾತ್ರಿಗಳು ಕ್ಯಾಪ್ಸೂಲ್‌ನಲ್ಲಿ ಕುಳಿತು, ಪ್ಯಾರಾಚೂಟ್ ನೆರವಿನಿಂದ ಸಮುದ್ರಕ್ಕೆ ಇಳಿಯುತ್ತಾರೆ ಎಂದೆ. ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ, ಚಳ್ಳಕೆರಿದಾಗ ಪುಷ್ಪಕ್ ವಿಮಾನದಂಗ ಇಳೀತು ಅಂತ ಈಗ ಹೇಳಿದ್ರಿ. ರೆಕ್ಕಿ ಇದ್ದದ್ದು ಬಿಟ್ಟು ಮಂದೀನ್ನ ಡಬ್ಬಿದಾಗ ಕೂಡಿಸಿ ನೀರಾಗ ಯಾಕ ಬೀಳಸ್ತಾರ್ರಿ?"

ನನಗೆ ಹಳೆಯ ಸಂಜೆಯೊಂದು ನೆನಪಾಯಿತು. 2003ರ ಫೆಬ್ರವರಿ 1, ಶನಿವಾರ. ಆಗ ನಾನು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತ, ಬಾಡಿಗೆ ಕೋಣೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ. "ಇವತ್ತು ಕಲ್ಪನಾ ಚಾವ್ಲಾ ವಾಪಸ್ ಬರ್ತಾರೆ. ಕೊಲಂಬಿಯಾಕ್ಕೆ ರೆಕ್ಕೆ ಇದೆ, ವಿಮಾನದ ಹಾಗೆ ಇಳಿಯುತ್ತದೆ, ಹೆದರಿಕೆಯೇ ಇಲ್ಲ" ಎಂದು ಹೇಳಿ ಮಕ್ಕಳನ್ನು ಮನೆಗೆ ಕಳುಹಿಸಿದೆ. ಸ್ವಲ್ಪ ಹೊತ್ತಿಗೆ ಮನೆ ಮಾಲೀಕರ ಟಿ.ವಿ.ಯಲ್ಲಿ ಸುದ್ದಿ ಬಂತು. ಇಳಿಯಲು 16 ನಿಮಿಷವಷ್ಟೇ ಇರುವಾಗ ನೌಕೆ ಆಕಾಶದಲ್ಲೇ ಚೂರಾಗಿತ್ತು. ಏಳೂ ಜನ ಉಳಿಯಲಿಲ್ಲ. ಸೋಮವಾರ ಹುಡುಗನೊಬ್ಬ ಕೇಳಿದ: "ರೆಕ್ಕಿ ಇತ್ತಲ್ಲ ಸರ?" ನಾನು ಬೋರ್ಡಿನ ಕಡೆ ತಿರುಗಿ ಲೆಕ್ಕ ಬರೆಯತೊಡಗಿದೆ.

ರೆಕ್ಕೆ ಬೇಕಾಗುವುದು ಕೊನೆಯ ಕೆಲವು ನಿಮಿಷಗಳಿಗೆ. ಆದರೆ ಅದಕ್ಕೂ ಮೊದಲು ವಾಯುಮಂಡಲವನ್ನು ಹೊಕ್ಕಾಗ ಅದರ ಮುಂಚೂಣಿ 1,600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಕೊಲಂಬಿಯಾ ಜನವರಿ 16ರಂದು ಹಾರುವಾಗ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು ಎಡ ರೆಕ್ಕೆಯ ಅಂಚಿಗೆ ಬಡಿದಿತ್ತು. ಮರಳುವಾಗ ಆ ಒಡಕಿನಿಂದ ಬಿಸಿ ಅನಿಲ ಒಳನುಗ್ಗಿತು. ರೆಕ್ಕೆ ಹೋದ ಮೇಲೆ ಅಂಥ ನೌಕೆಗೆ ತನ್ನನ್ನು ನೆಟ್ಟಗೆ ಹಿಡಿದುಕೊಳ್ಳಲು ಬೇರೆ ಉಪಾಯವಿಲ್ಲ.

ಕ್ಯಾಪ್ಸೂಲ್ ಹಾಗಲ್ಲ. ಬ್ಯಾಡ್ಮಿಂಟನ್ ಕಾಕ್ ತರಿಸಿ, ತಲೆಕೆಳಗು ಹಿಡಿದು ಶಾಲೆಯ ಮಾಳಿಗೆಯಿಂದ ಬಿಡಲು ಮಕ್ಕಳಿಗೆ ಹೇಳಿದೆ. ಹೇಗೆ ಬಿಟ್ಟರೂ ಅದು ತಿರುಗಿ, ಭಾರವಾದ ಬಿರಡೆ ಮುಂದಾಗಿಯೇ ಬಿತ್ತು. ಕ್ಯಾಪ್ಸೂಲ್‌ನ ಭಾರವೂ ಶಾಖಕವಚವಿರುವ ಮೊಂಡು ತಳದ ಕಡೆಗಿರುತ್ತದೆ. ಕೊಲಂಬಿಯಾ ದುರಂತದ ಮೂರು ತಿಂಗಳ ನಂತರ, 2003ರ ಮೇ 4ರಂದು ಸೋಯುಜ್ ಕ್ಯಾಪ್ಸೂಲೊಂದು ಮೂವರನ್ನು ಹೊತ್ತು ಮರಳುತ್ತಿತ್ತು. ಮಾರ್ಗದರ್ಶಕ ವ್ಯವಸ್ಥೆ ಕೈಕೊಟ್ಟು ಕಡಿದಾಗಿ ಬಿತ್ತು. ಒಳಗಿದ್ದವರ ಮೇಲೆ ಅವರ ತೂಕದ ಸುಮಾರು ಎಂಟು ಪಟ್ಟು ಒತ್ತಡ! ಗೊತ್ತಾದ ಜಾಗದಿಂದ 400 ಕಿ.ಮೀ.ಗೂ ಹೆಚ್ಚು ದೂರ ಇಳಿಯಿತು. ಹುಡುಕಲು ಗಂಟೆಗಳೇ ಹಿಡಿದವು. ಮೂವರೂ ಬದುಕಿದ್ದರು.

ಹಾಗೆಂದು ಡಬ್ಬಿಗೆ ಅಪಾಯವೇ ಇಲ್ಲವೆಂದು ಈಗ ಹೇಳಲಾರೆ. 1967ರಲ್ಲಿ ಪ್ಯಾರಾಚೂಟ್ ಸರಿಯಾಗಿ ಬಿಚ್ಚದೆ ಸೋಯುಜ್-1ರ ಕೊಮರೋವ್ ತೀರಿಕೊಂಡರು. 1971ರಲ್ಲಿ ಸೋಯುಜ್-11ರ ಗಾಳಿ ಸೋರಿ ಮೂವರು ಸತ್ತರು. ಗಗನಯಾನದ ಕ್ಯಾಪ್ಸೂಲ್‌ಗೆ 10 ಪ್ಯಾರಾಚೂಟ್ ಇಟ್ಟಿರುವುದು ಸುಮ್ಮನೆ ಅಲ್ಲ. ಮೂರು ಮುಖ್ಯ ಪ್ಯಾರಾಚೂಟ್‌ಗಳಲ್ಲಿ ಎರಡು ಬಿಚ್ಚಿಕೊಂಡರೂ ಸಾಕು.

ಪುಷ್ಪಕ್ ನೋಡಲು ಚೆಂದ, ನನಗೂ ಇಷ್ಟ. 2024ರ ಜೂನ್ 23ರಂದು ಮೂರನೇ ಸಲ ಇಳಿದಾಗ ಅದರ ವೇಗ ಗಂಟೆಗೆ 320 ಕಿ.ಮೀ.ಗೂ ಹೆಚ್ಚು, ಪ್ರಯಾಣಿಕರ ವಿಮಾನಕ್ಕಿಂತ ಜೋರು. ಹೆಲಿಕಾಪ್ಟರ್ ಅದನ್ನು ಬಿಟ್ಟದ್ದು 4.5 ಕಿ.ಮೀ. ಎತ್ತರದಿಂದ, ಕಕ್ಷೆಯಿಂದ ಅಲ್ಲ. ಒಳಗೆ ಮನುಷ್ಯರೂ ಇರಲಿಲ್ಲ.

ಹುಡುಗಿ ಕಾಕ್ ಕೈಯಲ್ಲಿ ತಿರುಗಿಸುತ್ತಲೇ ಇದ್ದಳು. "ಮೂರೂ ಬಿಚ್ಚಲಿಲ್ಲಂದ್ರ, ಸರ?"

"ಉಳಿಯೋದಿಲ್ಲವ್ವ" ಎಂದೆ. "ಅದಕ್ಕೇ ಮಂದೀನ್ನ ಕೂಡಿಸೋ ಮೊದಲು ಖಾಲಿ ಡಬ್ಬಿ ಬೀಳಿಸಿ ಬೀಳಿಸಿ ನೋಡ್ತಾರ."

ಅವಳು ಕಾಕ್ ಹಿಡಿದು ಮತ್ತೆ ಮಾಳಿಗೆ ಹತ್ತಿದಳು.