ಟೈರಿನ ತವರೂರಿಗೆ

ಮೈಸೂರಿನಿಂದ ಸುಳ್ಯಕ್ಕೆ ಸುಮಾರು 170 ಕಿಲೋಮೀಟರ್. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಸಂಪಾಜೆ ಎಂದು ದಾರಿಯ ಊರುಗಳನ್ನು ಮಗ್ಗಿಯ ಹಾಗೆ ಹೇಳಬಹುದು. ಈಗ ಇದು ರಾಷ್ಟ್ರೀಯ ಹೆದ್ದಾರಿ 275. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿ. ಅಲ್ಲಿಂದ ಸಂಪಾಜೆಯ ಘಾಟಿ ಇಳಿಯಬೇಕು. ತಿರುವಿನ ಮೇಲೆ ತಿರುವು. ಮಕ್ಕಳೇ, ಇಂಥ ದಾರಿಯಲ್ಲಿ ಗಾಡಿಗೂ ನೆಲಕ್ಕೂ ಇರುವ ಸಂಬಂಧವೆಂದರೆ ನಾಲ್ಕು ಟೈರುಗಳು ಮಾತ್ರ. ಒಂದೊಂದು ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ದೊಡ್ಡ ಹಸ್ತದಷ್ಟೇ. ಟನ್ನುಗಟ್ಟಲೆ ತೂಕ ಆ ನಾಲ್ಕು ಹಸ್ತಗಳ ಮೇಲೆ ನಿಂತಿರುತ್ತದೆ.

ಕಳೆದ ಡಿಸೆಂಬರಿನಲ್ಲಿ ಸುಳ್ಯದ ಹತ್ತಿರದ ಹಳ್ಳಿಯಲ್ಲಿ ನಮ್ಮ ನೆಂಟರ ಮನೆಯ ಗೃಹಪ್ರವೇಶವಿತ್ತು. ಹೊರಟವರು ಹನ್ನೆರಡು ಜನ. ಅದರಲ್ಲಿ ನನ್ನ ಮೊಮ್ಮಕ್ಕಳು ಇಬ್ಬರು, ಎಪ್ಪತ್ತು ದಾಟಿದವರು ನಾಲ್ವರು. ಗಾಡಿ ನನ್ನ ಅಕ್ಕನ ಮಗನದು. ಜನ ಟಿ.ಟಿ. ಎನ್ನುವ ದೊಡ್ಡ ವ್ಯಾನು. ಸಾಲ ಮಾಡಿ ಕೊಂಡದ್ದು; ಪ್ರವಾಸಿಗರನ್ನು ಕರೆದೊಯ್ದು ಕಂತು ಕಟ್ಟುತ್ತಾನೆ. ಹೊರಡುವ ವಾರ ಮೊದಲು ಟೈರುಗಳನ್ನು ನೋಡಿದೆವು. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ಏಣುಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಟೈರು ಸವೆದು ಆ ಏಣಿನ ಮಟ್ಟಕ್ಕೆ ಬಂದರೆ ಅದರ ಆಯುಸ್ಸು ಮುಗಿಯಿತೆಂದೇ ಅರ್ಥ. ನಮ್ಮ ವ್ಯಾನಿನ ನಾಲ್ಕೂ ಟೈರು ಆ ಮಟ್ಟಕ್ಕೆ ಬಂದಿದ್ದವು.

ಟೈರಿನ ಅಂಗಡಿಗೆ ನಾನೂ ಮೊಮ್ಮಕ್ಕಳೂ ಜೊತೆಗೆ ಹೋದೆವು. ಟೈರಿನ ಪಕ್ಕದ ಗೋಡೆಯ ಮೇಲೆ ಅದರ ಜಾತಕವೇ ಬರೆದಿರುತ್ತದೆ. ಕಪ್ಪು ರಬ್ಬರಿನ ಮೇಲೆ ಕಪ್ಪು ಅಕ್ಷರ. ನನ್ನ ಕನ್ನಡಕಕ್ಕೆ ಅದು ಸಿಗಲಿಲ್ಲ. ಏಳನೇ ಕ್ಲಾಸಿನ ಮೊಮ್ಮಗಳು ಕುಕ್ಕರಗಾಲಲ್ಲಿ ಕೂತು ಓದಿದಳು: 215/75 ಆರ್ 15. 215 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಅಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ 75. ಆರ್ ಅಂದರೆ ರೇಡಿಯಲ್. ಒಳಗಿನ ನೂಲುಗಳನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಸಿದ್ದು. 15 ಅಂದರೆ ಟೈರು ಕೂರುವ ಡಿಸ್ಕಿನ ವ್ಯಾಸ, ಇಂಚಿನಲ್ಲಿ.

ಅಂಗಡಿಯವರು ಮೊದಲು ಕೇಳಿದ್ದು, "ಗಾಡಿ ಯಾವ ರೋಡಲ್ಲಿ ಓಡುತ್ತೆ?" ಎಂದು. ಕ್ವಾರಿ, ಕೆಸರು, ಮಣ್ಣಿನ ದಾರಿಯಾದರೆ ದಪ್ಪ ಗಂಟುಗಳ ಲಗ್ ಟೈರು. ಹೆದ್ದಾರಿಯಾದರೆ ಸುತ್ತಲೂ ನೇರ ಗೀರುಗಳಿರುವ ರಿಬ್ ಟೈರು. ಮಳೆನೀರು ಆ ಗೀರುಗಳಲ್ಲಿ ಹರಿದು ಹೊರಗೆ ಹೋಗುತ್ತದೆ, ರಬ್ಬರು ನೆಲವನ್ನು ಬಿಡುವುದಿಲ್ಲ. ಓಡುವಾಗ ಗುಂಯ್ ಎನ್ನುವ ಸದ್ದೂ ಕಡಿಮೆ. ನಮಗೆ ಬೇಕಾದದ್ದು ರಿಬ್.

ಅಲ್ಲಿ ಒಂದೇ ಅಳತೆಯ ಎರಡು ಬಗೆಯ ರಿಬ್ ಟೈರುಗಳಿದ್ದವು. ಒಂದಕ್ಕಿಂತ ಇನ್ನೊಂದು ಸಾವಿರದ ಐನೂರು ರೂಪಾಯಿ ಅಗ್ಗ. ನಾಲ್ಕಕ್ಕೆ ಆರು ಸಾವಿರ ಉಳಿತಾಯ.

"ಮಾವ, ಎರಡೂ ಒಂದೇ ಸೈಜು. ಅಗ್ಗದ್ದೇ ಹಾಕ್ಸೋಣ. ಈ ತಿಂಗಳು ಇನ್ಶೂರೆನ್ಸ್ ಬೇರೆ ಕಟ್ಬೇಕು," ಎಂದ ಹುಡುಗ. ಅವನ ಕಷ್ಟ ಸುಳ್ಳಲ್ಲ. ಕಂತು ತಪ್ಪಿದವರ ಮುಖವನ್ನು ನಾನು ಕೌಂಟರಿನ ಹಿಂದೆ ಕೂತು ಎಷ್ಟೋ ವರ್ಷ ನೋಡಿದ್ದೇನೆ.

"ತಾತ, ಅಳತೆ ಆದ್ಮೇಲೆ ಇನ್ನೂ ಏನೋ ನಂಬರ್ ಇದೆ," ಎಂದಳು ಮೊಮ್ಮಗಳು. ಅಗ್ಗದ ಟೈರಿನ ಮೇಲೆ 100. ಇನ್ನೊಂದರ ಮೇಲೆ 106/103. ಅದು ಭಾರದ ಸಂಖ್ಯೆ. ಕಿಲೋ ಅಲ್ಲ, ಒಂದು ಕೋಷ್ಟಕದ ಸಂಕೇತ. 100 ಎಂದರೆ ಒಂದು ಟೈರು 800 ಕೆ.ಜಿ. ಹೊರಬಲ್ಲದು. 106 ಎಂದರೆ 950 ಕೆ.ಜಿ. ಓರೆಗೆರೆಯ ಆಚೆಗಿನ 103, ಲಾರಿಯ ಹಿಂಚಕ್ರದ ಹಾಗೆ ಎರಡೆರಡು ಟೈರು ಜೋಡಿಯಾಗಿ ಹಾಕಿದಾಗ. ಆಗ ಒಂದೊಂದಕ್ಕೆ 875 ಕೆ.ಜಿ. ಅದರ ಪಕ್ಕದ ಅಕ್ಷರ ವೇಗದ ಮಿತಿಗೆ.

ಮೊಮ್ಮಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದ. 800ನ್ನು ನಾಲ್ಕರಿಂದ ಗುಣಿಸಿದರೆ 3,200. 950ನ್ನು ನಾಲ್ಕರಿಂದ ಗುಣಿಸಿದರೆ 3,800. ಗಾಡಿಯ ಆರ್.ಸಿ.ಯಲ್ಲಿ ಜನ, ಸಾಮಾನು ಸೇರಿದ ಒಟ್ಟು ತೂಕ ಮೂರೂವರೆ ಟನ್ನಿನ ಹತ್ತಿರ ಇತ್ತು. ಅದೂ ನಾಲ್ಕು ಚಕ್ರಕ್ಕೆ ಸಮನಾಗಿ ಬೀಳುವುದಿಲ್ಲ. ಜನ ತುಂಬಿದ ವ್ಯಾನಿನಲ್ಲಿ ಹಿಂದಿನ ಎರಡು ಹೆಚ್ಚು ಹೊರುತ್ತವೆ.

ಅಂಗಡಿಯವರೂ ಹೇಳಿದರು: "ಸಾರ್, ಅದು ಜೀಪಿಗೆ ಹಾಕೋ ಟೈರು. ಕೇಳಿದ್ರೆ ಕೊಡ್ತೀನಿ. ಆದ್ರೆ ಜನ ಕೂರಿಸ್ಕೊಂಡು ಘಾಟಿ ಇಳಿಯೋ ಗಾಡಿಗೆ ಹಾಕಿ ಅಂತ ಹೇಳಲ್ಲ."

ಹುಡುಗ ಆಗಲೂ ಸುಮ್ಮನೆ ನಿಂತಿದ್ದ. ಆರು ಸಾವಿರ ಅವನ ಕಣ್ಣ ಮುಂದಿತ್ತು. ನಾನು ಬ್ಯಾಂಕಿನವನ ಲೆಕ್ಕ ಹಾಕಿದೆ. "ಈ ಟೈರು ಒಂದು ನಲವತ್ತು ಸಾವಿರ ಕಿಲೋಮೀಟರ್ ಓಡುತ್ತೆ ಅಂತ ಇಟ್ಕೋ. ಆರು ಸಾವಿರ ರೂಪಾಯಿನ ಅದಕ್ಕೆ ಹಂಚಿದರೆ ಕಿಲೋಮೀಟರಿಗೆ ಎಷ್ಟಾಯ್ತಪ್ಪಾ?" ಉತ್ತರ ಹೇಳಿದ್ದು ಮೊಮ್ಮಗಳು: 15 ಪೈಸೆ. ನಿನ್ನನ್ನೂ ಸೇರಿಸಿ ಗಾಡಿಯಲ್ಲಿ ಹದಿಮೂರು ಜನ. ತಲೆಗೆ ಒಂದು ಪೈಸೆ ಚಿಲ್ಲರೆ. ಈಗಿನ ಮಕ್ಕಳು ಒಂದು ಪೈಸೆಯನ್ನು ಕಣ್ಣಲ್ಲಿ ನೋಡಿಯೇ ಇಲ್ಲ. ಹುಡುಗ ನಕ್ಕು, "ಭಾರ ಹೊರೋದನ್ನೇ ಹಾಕಿ," ಎಂದ. ಇನ್ಶೂರೆನ್ಸ್ ಕಟ್ಟಲು ಬೇಕಾದ ಕೈಸಾಲ ನನ್ನಿಂದ ಹೋಯಿತು; ಮೂರು ತಿಂಗಳಲ್ಲಿ ತೀರಿಸಿದ.

ಇನ್ನೊಂದು ಸಂಗತಿ ಉಳಿದಿತ್ತು, ಟೈರಿನ ವಯಸ್ಸು. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 3224 ಎಂದಿದ್ದರೆ 2024ನೇ ಇಸವಿಯ 32ನೇ ವಾರದಲ್ಲಿ ತಯಾರಾದದ್ದು. ಓಡದೆ ಮೂಲೆಯಲ್ಲಿ ಕೂತರೂ ರಬ್ಬರು ಮುದಿಯಾಗುತ್ತದೆ, ನಮ್ಮ ಹಾಗೆ! ಕೊಟ್ಟ ನಾಲ್ಕರಲ್ಲಿ ಒಂದು ಎರಡು ವರ್ಷ ಹಳೆಯದಿತ್ತು. ಕೇಳಿದ ಕೂಡಲೇ ಬದಲಿಸಿಕೊಟ್ಟರು. ನೈಟ್ರೋಜನ್ ಹಾಕಲೇ ಎಂದು ಕೆಲಸದ ಹುಡುಗ ಕೇಳಿದಾಗ ಮೊಮ್ಮಗಳು, "ಮಾಮೂಲಿ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆಯಲ್ಲ!" ಎಂದಳು. ಗಾಳಿ ಯಾವುದಾದರೂ ಸರಿ, ಅದರ ಒತ್ತಡ ಸರಿಯಾಗಿರಬೇಕು. ಗಾಳಿ ಕಡಿಮೆಯಾದರೆ ಟೈರು ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಮಡಚಿ ಬಿಸಿಯಾಗುತ್ತದೆ. ಟೈರು ಸಿಡಿಯಲು ದೊಡ್ಡ ಕಾರಣವೇ ಈ ಬಿಸಿ. ಬೆಳಿಗ್ಗೆ, ಗಾಡಿ ಓಡುವ ಮೊದಲೇ ಗಾಳಿ ನೋಡಬೇಕು.

"ಸ್ಟೆಪ್ನಿ ಅಂದ್ರೇನು ತಾತ?" ಎಂದ ಮೊಮ್ಮಗ. ಅದೊಂದು ಬೀದಿಯ ಹೆಸರು ಕಣಪ್ಪಾ! ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲನೆತ್ಲಿ ಎಂಬ ಊರಿನಲ್ಲಿ ಸ್ಟೆಪ್ನಿ ಬೀದಿ ಇದೆ. 1904ರ ಸುಮಾರಿಗೆ ಡೇವಿಸ್ ಎಂಬ ಅಣ್ಣತಮ್ಮಂದಿರು ಅಲ್ಲಿ ಮೋಟಾರಿನ ಹೆಚ್ಚುವರಿ ಚಕ್ರ ತಯಾರಿಸಿದರು. ಬೀದಿಯ ಹೆಸರು ಚಕ್ರಕ್ಕೆ ಬಂತು, ಚಕ್ರ ನಮ್ಮೂರಿಗೆ ಬಂತು.

ನಸುಕಿನಲ್ಲಿ ಹೊರಟೆವು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಲಗಳ ನಡುವೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಬ್ಯಾರನ್ನುಗಳು. ಬೈಲಕುಪ್ಪೆಯಲ್ಲಿ ಟಿಬೆಟನ್ನರ ಬಣ್ಣದ ಬಾವುಟಗಳು. ಕಾವೇರಿಯ ಸೇತುವೆ ದಾಟಿ ಕುಶಾಲನಗರದಲ್ಲಿ ಕಾಫಿ. ನಾವು ಕುಡಿಯುವಷ್ಟರಲ್ಲಿ ಹುಡುಗ ಚಕ್ರದ ನಟ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿ ಮಾಡಿದ. ಹೊಸದಾಗಿ ಚಕ್ರ ಕೂರಿಸಿದ ಮೇಲೆ ನೂರು ಕಿಲೋಮೀಟರಿನೊಳಗೆ ಹೀಗೆ ಮಾಡಬೇಕು.

ಮಡಿಕೇರಿ ದಾಟಿದ ಮೇಲೆ ಮಂಜು. ಮದೆನಾಡು, ಜೋಡುಪಾಲ ಬಂದಾಗ ವ್ಯಾನಿನಲ್ಲಿ ಮಾತು ನಿಂತಿತು. 2018ರ ಆಗಸ್ಟಿನ ಮಳೆಗೆ ಇಲ್ಲೇ ಗುಡ್ಡ ಜರಿದು ಮನೆಗಳು ಕೊಚ್ಚಿಹೋದವು, ರಸ್ತೆಯೇ ಕಡಿದಿತ್ತು. ಹುಡುಗ ಚಿಕ್ಕ ಗೇರಿನಲ್ಲಿ, ಬ್ರೇಕನ್ನು ಒತ್ತಿ ಹಿಡಿಯದೆ ಇಳಿಸಿದ. ಒಂದು ತಿರುವಿನಲ್ಲಿ ಇನ್ನೊಂದು ವ್ಯಾನು ನಿಂತಿತ್ತು. ಹಿಂದಿನ ಟೈರು ಸಿಡಿದು ಚಿಂದಿಯಾಗಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಮಕ್ಕಳೂ ಮುದುಕರೂ ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ನಾವು ನಿಂತು ನೀರು ಕೊಟ್ಟೆವು, ನಮ್ಮ ಜ್ಯಾಕನ್ನೂ ಕೊಟ್ಟೆವು. ಸಂಪಾಜೆಯಲ್ಲಿ ಗಾಡಿ ನಿಲ್ಲಿಸಿದಾಗ ಹುಡುಗ ಯಾರಿಗೂ ಹೇಳದೆ ಇಳಿದು, ನಾಲ್ಕೂ ಟೈರಿನ ಹತ್ತಿರ ಬಗ್ಗಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ ಮುಟ್ಟಿ ನೋಡಿದ. ಬರೀ ಬೆಚ್ಚಗಿದ್ದವು.

ಸುಳ್ಯ ಸೀಮೆಯೆಂದರೆ ಅಡಿಕೆ, ತೆಂಗು, ಜೊತೆಗೆ ಸಾಲುಸಾಲು ರಬ್ಬರ್ ಮರ. ಮರುದಿನ ಬೆಳಗಿನ ಜಾವ ನೆಂಟರ ತೋಟಕ್ಕೆ ಮಕ್ಕಳನ್ನು ಕರೆದೊಯ್ದೆ. ಟ್ಯಾಪಿಂಗ್ ಮಾಡುವವರು ಹಣೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗುತ್ತಿದ್ದರು. ತೊಗಟೆಯಲ್ಲಿ ಓರೆಯಾಗಿ ತೆಳ್ಳನೆಯ ಗೀರು. ಅದರ ತುದಿಯಿಂದ ಬಿಳಿ ಹಾಲು ತೊಟ್ಟುತೊಟ್ಟಾಗಿ ಗೆರಟೆಗೆ. ಗಿಡ ನೆಟ್ಟು ಸುಮಾರು ಏಳು ವರ್ಷ ಕಾದ ಮೇಲೆ ಈ ಹಾಲು ಸಿಗುತ್ತದೆ. ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಯಂತ್ರದಲ್ಲಿ ಒತ್ತಿ ಹಾಳೆ ಮಾಡಿ, ಹೊಗೆ ಮನೆಯಲ್ಲಿ ಒಣಗಿಸುತ್ತಾರೆ.

ಈ ಮರ ನಮ್ಮದಲ್ಲ, ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನದು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತ ಅದರ ಬೀಜಗಳನ್ನು ಲಂಡನ್ನಿಗೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳು ಸಿಂಹಳಕ್ಕೂ ಪೂರ್ವದ ಇತರ ನಾಡುಗಳಿಗೂ ಬಂದವು. ಸುಳ್ಯದ ಸುತ್ತಲಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿದವರ ಕತೆಯೂ ಅಂಥದ್ದೇ. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ಮಾಡಿಕೊಂಡ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಇಲ್ಲಿ ನೆಲೆ ಕಂಡವು. ಮರವೂ ಮನುಷ್ಯರೂ ಸಮುದ್ರ ದಾಟಿ ಬಂದು ಒಂದೇ ಮಣ್ಣಿಗೆ ಬೇರು ಬಿಟ್ಟರು.

"ಹಾಲು ಬಿಳಿ, ಟೈರು ಯಾಕೆ ಕಪ್ಪು?" ಮೊಮ್ಮಗನ ಪ್ರಶ್ನೆ. ಬರೀ ರಬ್ಬರು ಬೇಗ ಸವೆಯುತ್ತದೆ. ಗಟ್ಟಿಯಾಗಲೆಂದು ನಯವಾದ ಇಂಗಾಲದ ಪುಡಿ ಬೆರೆಸುತ್ತಾರೆ. ಜೊತೆಗೆ ಗಂಧಕ ಸೇರಿಸಿ ಬೇಯಿಸುತ್ತಾರೆ. ಆ ಗುಟ್ಟನ್ನು 1839ರಲ್ಲಿ ಕಂಡುಕೊಂಡವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಕೃತಕ ರಬ್ಬರು ಬಂದ ಮೇಲೂ ಭಾರದ ಗಾಡಿಗಳ ಟೈರಿಗೆ ಮರದ ರಬ್ಬರೇ ಹೆಚ್ಚು ಬೇಕು. ಅದು ಕಡಿಮೆ ಬಿಸಿಯಾಗುತ್ತದೆ. ಘಾಟಿಯಲ್ಲಿ ನಮ್ಮ ಹದಿಮೂರು ಜನರನ್ನು ಹೊತ್ತದ್ದರಲ್ಲಿ ಈ ಗೆರಟೆಯ ಹಾಲಿಗೂ ಪಾಲುಂಟು.

ಮಕ್ಕಳೇ, ಶಾಲೆಯಿಂದ ಪ್ರವಾಸಕ್ಕೆ ಹೊರಟಾಗ ವ್ಯಾನ್ ಹತ್ತುವ ಮೊದಲು ಎರಡು ನಿಮಿಷ ಬಗ್ಗಿ ನೋಡಿ. ಗೀರು ಏಣಿನ ಮಟ್ಟಕ್ಕೆ ಇಳಿದಿದೆಯೇ? ಪಕ್ಕದಲ್ಲಿ ಬಿರುಕೋ ಉಬ್ಬೋ ಇದೆಯೇ? ಹುಟ್ಟಿದ ವಾರ, ವರ್ಷ ಯಾವುದು? ಸಂದೇಹ ಬಂದರೆ ಮೇಷ್ಟರಿಗೋ ಡ್ರೈವರ್ ಅಣ್ಣನಿಗೋ ಹೇಳಿ, ಸಂಕೋಚ ಬೇಡ. ಅಜ್ಜ ಅಜ್ಜಿಯರೇ, ನಮಗೆ ಬಗ್ಗಲೂ ಆಗದು, ಆ ಅಕ್ಷರ ಕಾಣಿಸುವುದೂ ಇಲ್ಲ. ಮೊಮ್ಮಕ್ಕಳು ಓದಲಿ, ಲೆಕ್ಕ ನಾವು ಹಾಕೋಣ.