ಅಜೆಕಾರಿನ ಪದವಿನ ಕಳ್ಳಿಗಳು

ಕಾರ್ಕಳ ಸೀಮೆಯ ಅಜೆಕಾರಿನಲ್ಲಿ ಮರುಭೂಮಿಯ ಗಿಡಗಳನ್ನು ಅರಸಿದೆವೆಂದರೆ ವಾಚಕರು ನಗಬಹುದು. ಆಷಾಢ ಶ್ರಾವಣಗಳಲ್ಲಿ ಹಗಲಿರುಳೂ ಮಳೆ ಸುರಿಯುವ ಊರದು. ಆದರೆ ಮಾಘ ಕಳೆದ ಮೇಲೆ ಅಲ್ಲಿಯ ಮುರಕಲ್ಲಿನ ಪದವನ್ನು ಹತ್ತಿ ನೋಡಬೇಕು. ಕಲ್ಲಿನ ಮೇಲೆ ಅಂಗುಲದಷ್ಟು ಮಣ್ಣಿಲ್ಲ. ಮಳೆಯ ನೀರೆಲ್ಲ ಎಂದೋ ಇಳಿದುಹೋಗಿರುವುದು. ಹುಲ್ಲು ಒಣಗಿ ಬೂದಿಯ ಬಣ್ಣ ತಾಳಿರುವುದು. ಅಂತಹ ಕಡೆಯಲ್ಲಿ ಹಸುರಾಗಿ ನಿಲ್ಲುವುವು, ಕಾಂಡದಲ್ಲಿಯೇ ನೀರನ್ನು ಕೂಡಿಟ್ಟುಕೊಂಡ ಗಿಡಗಳು.

ಕಳೆದ ಫಾಲ್ಗುಣದಲ್ಲಿ ನಾವು ಅಲ್ಲಿಯ ಬಂಧುಗಳ ಮನೆಗೆ ಹೋಗಿದ್ದಾಗ, ಚಟ್ನಿಗೆ ಮಂಗರವಳ್ಳಿ ತರಲು ಹೊರಟ ಹುಡುಗರೊಡನೆ ಪದವಿನಂಚಿನ ಹಳೆಯ ಬೇಲಿಯವರೆಗೆ ನಡೆದೆವು. ಹಿರಿಯವನು ಕತ್ತಿಯಿಟ್ಟುದು ಮುಳ್ಳುಗಳ್ಳಿಯ ಎಳೆಯ ಕೊಂಬೆಗೆ! "ತಡೆಯೋ ಮಾಣಿ" ಎಂದು ಕೈ ಹಿಡಿದು ನಿಲ್ಲಿಸಬೇಕಾಯಿತು.

ಎರಡೂ ಹಸುರು, ಎರಡೂ ಏಣುಳ್ಳವು. ಆದರೆ ಮಂಗರವಳ್ಳಿ ಬಳ್ಳಿ. ಅದಕ್ಕೆ ನಾಲ್ಕು ಏಣು. ಗೆಣ್ಣುಗೆಣ್ಣಿಗೂ ಸೊಂಟ ಕಟ್ಟಿದಂತೆ ಸಣ್ಣಗಾಗುವುದು, ಅಲ್ಲಿಂದ ಎಲೆಯೂ ಹಬ್ಬುವ ಕುಡಿಯೂ ಹೊರಡುವುವು. ಅಸ್ಥಿಶೃಂಖಲಾ ಎಂಬ ಸಂಸ್ಕೃತದ ಹೆಸರು ಈ ಆಕಾರವನ್ನು ಕಣ್ಣಿಗೆ ಕಟ್ಟುವಂತೆ ಹೇಳುವುದು. ಮುರಿದರೆ ಹಾಲಿಲ್ಲ. ಮುಳ್ಳುಗಳ್ಳಿಗೆ ಸಾಮಾನ್ಯವಾಗಿ ಮೂರು ಏಣು, ಏಣಿನ ಮೇಲೆ ಜೋಡಿಜೋಡಿಯಾಗಿ ಮುಳ್ಳು, ಗಾಯವಾದೊಡನೆ ಬಿಳಿಯ ಹಾಲು. ಆ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಒಡನೆಯೇ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಬೇಕು; ಮನೆಮದ್ದನ್ನು ನಂಬಿ ಕೂಡಬಾರದು. ಮುಳ್ಳಿಲ್ಲದುದು ಸಾಧುವೆಂಬ ಎಣಿಕೆಯೂ ಬೇಡ. ಬೆರಳಿನಂತೆ ದುಂಡಗೆ ಕವಲೊಡೆಯುವ ಬೊಂತಗಳ್ಳಿಗೆ ಮುಳ್ಳೇ ಇಲ್ಲ, ಹಾಲು ಮಾತ್ರ ಅಷ್ಟೇ ಉಗ್ರ.

ಇನ್ನು ಪಾಪಾಸುಕಳ್ಳಿ. ಹೆಸರಿನಲ್ಲಿ ಕಳ್ಳಿಯಾದರೂ ಕುಲ ಬೇರೆ. ಚಪ್ಪಟೆಯಾದ ಹಲಗೆಗಳು, ಒಂದೊಂದು ಪುಟ್ಟ ದಿಂಬಿನಿಂದ ಮುಳ್ಳುಗಳ ಗೊಂಚಲು, ಅದರ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳು, ಹಾಲಿಲ್ಲ. ಅಮರಕೋಶದ ಸ್ನುಹಿಯನ್ನು ಇದೆಂದು ಮಕ್ಕಳಿಗೆ ತೋರಿಸುವ ಪಂಡಿತರುಂಟು. ಅದು ಸಲ್ಲದು. ಸ್ನುಹಿ ನಮ್ಮ ನಾಡಿನ ಹಾಲುಗಳ್ಳಿ, ಪಾಪಾಸುಕಳ್ಳಿಯ ತವರು ಅಮೆರಿಕೆ. ಎರಡು ಖಂಡಗಳ ಬರವು ಎರಡು ಕುಲಗಳಿಗೆ ಒಂದೇ ಬಗೆಯ ಅಂಗಿ ಹೊಲಿಸಿತು, ಅಷ್ಟೆ.

ಈ ಹೋಲಿಕೆಯಿಂದ ಸರಕಾರವೇ ಮೋಸಹೋದುದುಂಟು. ೧೭೯೫ರಲ್ಲಿ ಕೆಂಪು ಬಣ್ಣಕ್ಕಾಗಿ ಕೊಚಿನೀಲ್ ಹುಳುವೆಂದು ಬ್ರೆಜಿಲಿನಿಂದ ಇಲ್ಲಿಗೆ ತರಿಸಿದುದು ಅದರ ದಾಯಾದಿಯಾದ ಬೇರೊಂದು ಹುಳು. ಅದು ಒಂದು ಜಾತಿಯ ಪಾಪಾಸುಕಳ್ಳಿಯ ರಸ ಹೀರಿ ನಾಶಮಾಡಿತು. ಪಕ್ಕದಲ್ಲಿಯೇ ಇದ್ದ ಇನ್ನೊಂದು ಜಾತಿಯನ್ನು ಮೂಸಿಯೂ ನೋಡಲಿಲ್ಲ. ಮನುಷ್ಯರಿಗೆ ತಿಳಿಯದ ಭೇದ ಹುಳುವಿಗೆ ತಿಳಿದಿತ್ತು! ಉಳಿದ ಜಾತಿ ಹೊಲ ಗೋಮಾಳಗಳನ್ನು ನುಂಗುತ್ತ ಬಂದು, ೧೯೨೬ರಲ್ಲಿ ಸಿಂಹಳದಿಂದ ಮತ್ತೊಂದು ಹುಳುವನ್ನು ತರಿಸಿದ ಮೇಲೆಯೇ ದಕ್ಷಿಣದಲ್ಲಿ ಹಿಮ್ಮೆಟ್ಟಿತು. ಪಾಪಾಸುಕಳ್ಳಿಯ ಹಲಗೆಯ ಮೇಲೆ ಹತ್ತಿಯಂತಹ ಬಿಳಿಯ ಚುಕ್ಕೆಗಳು ಕಂಡರೆ ಕಡ್ಡಿಯಿಂದ ಒರೆಸಿ ನೋಡಬಹುದು. ಕುಂಕುಮದಂತೆ ಕೆಂಪು ಹತ್ತಿದರೆ ಆ ಹುಳುಗಳ ಸಂತತಿಯೆಂದು ತಿಳಿಯಬೇಕು.