ಆನೆಗೊಂದಿಯ ತಂಪುಗೋಡೆಗಳು

ಗಂಗಾವತಿಯಿಂದ ದಕ್ಷಿಣಕ್ಕೆ ಹೊರಟ ಪ್ರವಾಸಿಗನಿಗೆ ಭತ್ತದ ಬಯಲು ಮುಗಿಯುತ್ತಲೇ ಬಂಡೆಗಳ ರಾಜ್ಯವು ಇದಿರಾಗುತ್ತದೆ. ತುಂಗಭದ್ರೆಯ ಉತ್ತರ ತೀರದಲ್ಲಿ ಆ ಬಂಡೆಗಳ ಮಡಿಲಲ್ಲಿರುವ ಊರೇ ಆನೆಗೊಂದಿ. ಹೊಳೆಯಾಚೆ ಹಂಪೆಯು ವೈಭವವನ್ನು ಕಾಣುವ ಮುನ್ನವೇ ಬಾಳಿದ ಊರಿದು. ಬಂದವರೆಲ್ಲರೂ ರಂಗನಾಥನ ಗುಡಿಯನ್ನೂ ಗಗನ ಮಹಲನ್ನೂ ನೋಡಿ ನವಬೃಂದಾವನದ ಕಡೆಗೆ ತೆಪ್ಪವನ್ನೇರುತ್ತಾರೆ. ಅಲ್ಲಿನ ಓಣಿಗಳ ಹಳೆಯ ಸಣ್ಣ ಮನೆಗಳನ್ನು ನೋಡಲು ಮಾತ್ರ ಯಾರೂ ನಿಲ್ಲುವುದಿಲ್ಲ.

ವೈಶಾಖದ ಮಧ್ಯಾಹ್ನ ಅಲ್ಲಿಗೆ ಬಂದವನು ತಾನಾಗಿಯೇ ನಿಲ್ಲುತ್ತಾನೆ. ಪಾದರಸವು 40 ಡಿಗ್ರಿಯನ್ನು ಮುಟ್ಟಿರುತ್ತದೆ. ಬಂಡೆಗಳು ಕಾದ ಹೆಂಚಿನಂತೆ ಝಳವನ್ನು ಬೀರುತ್ತಿರುತ್ತವೆ. ಯಾರದೋ ಮನೆಯ ಕಟ್ಟೆಯ ಮೇಲೆ ಕುಳಿತವನನ್ನು “ಒಳಗ ಬರ್ರಿ, ನೀರು ಕುಡೀರಿ” ಎಂದು ಕರೆಯುತ್ತಾರೆ. ತಲೆ ತಗ್ಗಿಸಿ ಹೊಸ್ತಿಲು ದಾಟಿದರೆ ಸಾಕು, ಬೇರೊಂದು ಋತುವನ್ನೇ ಹೊಕ್ಕಂತಾಗುತ್ತದೆ. ಮಬ್ಬುಗತ್ತಲೆಯ ಪಡಸಾಲೆ, ಸಾರಿಸಿದ ನೆಲ, ಸುಣ್ಣ ಬಳಿದ ಗೋಡೆ. ಆ ಗೋಡೆಗೆ ಬೆನ್ನೊರಗಿಸಿದವನಿಗೆ ಏಳಲು ಮನಸ್ಸಾಗದು.

ಈ ತಂಪಿನ ಗುಟ್ಟು ಗೋಡೆಯ ಗಾತ್ರದಲ್ಲಿದೆ. ಒಂದೂವರೆ ಎರಡು ಅಡಿ ದಪ್ಪದ ಆ ಗೋಡೆ ಕೆಳಗೆ ಕಲ್ಲು, ಮೇಲೆ ಮಣ್ಣು, ನಡುವೆ ಪೊಳ್ಳೆಂಬುದಿಲ್ಲ. ಶಾಖವನ್ನು ತಡೆಯುವುದರಲ್ಲಿ ಕಲ್ಲು ಸಮರ್ಥವೇನಲ್ಲ. ಒಣ ಮಣ್ಣಿಗಿಂತ ಅದು ಮೂರು ನಾಲ್ಕು ಪಟ್ಟು ಬೇಗನೆ ಶಾಖವನ್ನು ಸಾಗಿಸುತ್ತದೆ. ಆದರೆ ಇಂತಹ ಗೋಡೆಗೆ ಶಾಖವನ್ನು ನುಂಗಿ ಹಿಡಿದಿಡುವ ಶಕ್ತಿ ಅಪಾರ. ಹೊರಮೈ ಮೇಲೆ ಬಿದ್ದ ಬಿಸಿಲಿನ ಕಾವು ಅರ್ಧ ಮೀಟರಿನ ಮಣ್ಣಿನ ಗೋಡೆಯನ್ನು ಹಾದು ಒಳಮೈಯನ್ನು ತಲುಪಲು ಹತ್ತು ಹನ್ನೆರಡು ತಾಸು ಬೇಕು. ಅಷ್ಟರಲ್ಲಿ ರಾತ್ರಿಯಾಗಿರುತ್ತದೆ, ಮನೆಯವರು ಹಾಸಿಗೆಯನ್ನೆತ್ತಿಕೊಂಡು ಮಾಳಿಗೆಯ ಮೇಲೆ ಹೋಗಿರುತ್ತಾರೆ. ರಾತ್ರಿಯ ಗಾಳಿಯು ಗೋಡೆಯ ಕಾವನ್ನು ಇಳಿಸಿ ಮರುದಿನಕ್ಕೆ ಅಣಿಗೊಳಿಸುತ್ತದೆ. ಹತ್ತು ಸೆಂಟಿಮೀಟರಿನ ಕಾಂಕ್ರೀಟು ತಾರಸಿಯಾದರೋ ಮೂರು ತಾಸಿನೊಳಗೆ ಕಾವನ್ನು ಕೋಣೆಗೆ ಇಳಿಸಿಬಿಡುತ್ತದೆ.

ಹಾಗಾದರೆ ಹಳೆಯ ಮನೆಯಲ್ಲಿ ಕೊರತೆಯೇ ಇಲ್ಲವೆ? ಇದೆ. ಈಗ ಎಲ್ಲರೂ ಮಾಳಿಗೆಯ ಮೇಲೆ ಮಲಗುವುದಿಲ್ಲ. ರಾತ್ರಿ ಒಳಗೆ ಮಲಗಿದವರಿಗೆ ಗೋಡೆಯ ಕಾವು ತಟ್ಟುತ್ತದೆ. ಮಳೆಗಾಲದಲ್ಲಿ ಮಣ್ಣು ಉದುರುತ್ತದೆ. “ಕೆಡವಿ ಕಟ್ಟೋಣ” ಎಂದು ಮಗ ಹೇಳುತ್ತಾನೆ. “ಇದ್ದುದನ್ನೇ ಭದ್ರ ಮಾಡು” ಎಂದು ತಂದೆ ಹೇಳುತ್ತಾನೆ. ಇಬ್ಬರಿಗೂ ಒಪ್ಪಿಗೆಯಾಗುವ ಸುಲಭದ ದಾರಿಯೊಂದು ಕಾಣುತ್ತದೆ: ಗೋಡೆಗೆ ಸಿಮೆಂಟಿನ ಗಿಲಾವು. ಆದರೆ ಅಪಾಯವಿರುವುದು ಇಲ್ಲಿಯೇ.

ಮಣ್ಣಿನ ಗೋಡೆ ನೆಲದ ತೇವವನ್ನು ಹೀರುತ್ತದೆ, ಬಿಸಿಲಿಗೆ ಅದನ್ನು ಆರಿಸಿಕೊಳ್ಳುತ್ತದೆ. ಮಣ್ಣಿನ ಸಾರಣೆಯೂ ಸುಣ್ಣದ ಗಾರೆಯೂ ಈ ಉಸಿರಾಟಕ್ಕೆ ಅಡ್ಡಿ ಬರುವುದಿಲ್ಲ. ಸಿಮೆಂಟು ಬಾಯಿ ಕಟ್ಟಿದಂತೆ ಮಾಡುತ್ತದೆ. ಒಳಗೆ ಸಿಕ್ಕಿಬಿದ್ದ ತೇವದಿಂದ ಮಣ್ಣು ಮೆತ್ತಗಾಗುತ್ತದೆ. ಕೆಲವು ಮಳೆಗಾಲಗಳಲ್ಲಿ ಗಿಲಾವು ಹಪ್ಪಳದಂತೆ ಎದ್ದು, ತನ್ನೊಡನೆ ಗೋಡೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಅದಕ್ಕೂ ಮುನ್ನವೇ ಇನ್ನೊಂದು ನಷ್ಟವಾಗಿರುತ್ತದೆ: ತೊಯ್ದ ಗೋಡೆಯು ಒಣಗೋಡೆಗಿಂತ ಬೇಗನೆ ಶಾಖವನ್ನು ಒಳಕ್ಕೆ ಬಿಡುತ್ತದೆ.

ಇಂಗ್ಲೆಂಡಿನಂತಹ ಶೀತದೇಶಗಳಲ್ಲಿಯೂ ಪೊಳ್ಳಿಲ್ಲದ ಗೋಡೆಯ ಹಳೆಯ ಮನೆಗಳಿವೆ. ಅಲ್ಲಿನವರ ಚಿಂತೆ ಒಲೆಯ ಕಾವು ಹೊರಗೆ ಸೋರದಿರಲೆಂಬುದು. ಆದುದರಿಂದ ಮರದ ನಾರಿನ ಹಲಗೆಯನ್ನೋ ಸುಣ್ಣ ಬೆರೆಸಿದ ಸೆಣಬಿನ ಜಾತಿಯ ಗಿಡದ ದಂಟಿನ ಚೂರನ್ನೋ ಗೋಡೆಗೆ ಹೊದಿಸುತ್ತಾರೆ. ಉಸಿರು ಕಟ್ಟಿಸುವ ಹೊದಿಕೆಯು ಅಲ್ಲಿಯೂ ಹಳೆಯ ಗೋಡೆಗೆ ಶತ್ರುವೇ. ಆನೆಗೊಂದಿಯಲ್ಲಿ ಅದೇ ಹೊದಿಕೆಯನ್ನು ಒಳಗಡೆ ಹೊದಿಸಿದರೆ ಹಗಲಿನಲ್ಲಿ ಬೆನ್ನಿಗೆ ತಂಪೆರೆಯುವ ಗೋಡೆಯೇ ಮನೆಯವರಿಗೆ ದೂರವಾಗುತ್ತದೆ. ಇಲ್ಲಿ ರಕ್ಷಣೆ ಬೇಕಾದದ್ದು ಹೊರಮೈಗೆ, ಅದರಲ್ಲಿಯೂ ಮಾಳಿಗೆಗೆ.

ಈ ಊರಿನ ಅಕ್ಷಾಂಶ ಸುಮಾರು 15 ಡಿಗ್ರಿ. ಮೇ ತಿಂಗಳ ಆರಂಭದಲ್ಲಿ ನಡುಹಗಲ ಸೂರ್ಯನು ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ. ಆಗ ಬಿಸಿಲಿನ ಪೆಟ್ಟೆಲ್ಲ ಮಾಳಿಗೆಗೆ. ಗೋಡೆಗಳಲ್ಲಿ ಮೂಡಣದ್ದಕ್ಕೆ ಬೆಳಿಗ್ಗೆ, ಪಡುವಣದ್ದಕ್ಕೆ ಸಂಜೆ ಪಾಲು ಬರುತ್ತದೆ. ಹಿರಿಯರು ಜಂತಿಗಳ ಮೇಲೆ ಕಟ್ಟಿಗೆ, ಸೊಪ್ಪು, ಅದರ ಮೇಲೆ ದಪ್ಪನಾಗಿ ಮಣ್ಣು ಹಾಕಿ, ಮಳೆಗೆ ಮುನ್ನ ಕರಲು ಮಣ್ಣು ಹರಡಿದ್ದರಲ್ಲಿ ಈ ತಿಳಿವಳಿಕೆಯಿತ್ತು. ಮಾಳಿಗೆ ಸೋರಿತೆಂದು ಹಳೆಯ ಮಣ್ಣಿನ ಮೇಲೆಯೇ ಹೊಸದನ್ನು ಸುರಿದರೆ ಜಂತಿ ಬಾಗುತ್ತದೆ. ಹಳೆಯದನ್ನು ಕೆರೆದು, ಜಂತಿಯ ತುದಿಗಳನ್ನು ನೋಡಿ, ಆಮೇಲೆ ಹೊಸ ಮಣ್ಣು ಹಾಕಬೇಕು. ತಾರಸಿಯಿದ್ದವರು ಮಡಕೆಗಳನ್ನು ಬೋರಲು ಜೋಡಿಸಿ ಸುಣ್ಣದ ಗಾರೆಯನ್ನು ತುಂಬುವುದುಂಟು. ಮಡಕೆಯೊಳಗೆ ನಿಂತ ಗಾಳಿಯೇ ಕಾವಿಗೆ ತಡೆ. ಪಡುವಣ ಗೋಡೆಗೊಂದು ಚಪ್ಪರ, ಹೊರಮೈಗೆ ವರ್ಷಕ್ಕೊಮ್ಮೆ ಬಿಳಿಸುಣ್ಣ, ಹಗಲು ಮುಚ್ಚಿ ರಾತ್ರಿ ತೆರೆಯುವ ಕಿಟಕಿ: ಇವಿಷ್ಟೇ ಉಳಿದ ಉಪಚಾರ.

ಹಂಪೆಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆನೆಗೊಂದಿಯಲ್ಲಿ 1997ರಿಂದ ಕೆಲಸಮಾಡುತ್ತಿರುವ ಕಿಷ್ಕಿಂದಾ ಟ್ರಸ್ಟ್ ಸಂಸ್ಥೆಯು ಹಳೆಯ ಮನೆಗಳನ್ನು ಅವುಗಳ ರೀತಿಯಲ್ಲಿಯೇ ದುರಸ್ತಿಗೊಳಿಸಿ ಬಳಕೆಗೆ ತಂದಿದೆ. ಆದರೂ ಗುಡಿಗೆ ಕಾವಲಿರುವಂತೆ ಪ್ರತಿಯೊಂದು ಪಡಸಾಲೆಗೂ ಕಾವಲಿಡಲಾಗದು. ಅದನ್ನು ಉಳಿಸುವುದೂ ಕೆಡವುವುದೂ ಅದರಲ್ಲಿ ಬಾಳುವವರ ತೀರ್ಮಾನ.

ಸಂಜೆಯಾಗುತ್ತದೆ. ಬಂಡೆಗಳ ಮೇಲಿನ ಕೆಂಪು ಮಾಸುತ್ತಿರುವಂತೆ ಹೊಳೆಯ ಕಡೆಯಿಂದ ತಂಗಾಳಿ ಬೀಸುತ್ತದೆ. ಓಣಿಯ ಮನೆಯೊಂದರಲ್ಲಿ ಅಜ್ಜಿಯೊಬ್ಬಳು ದಿನವಿಡೀ ಮುಚ್ಚಿದ್ದ ಕಿಟಕಿಯನ್ನು ತೆರೆಯುತ್ತಾಳೆ. ನಾಳೆಯ ಮಧ್ಯಾಹ್ನ ಬಿಸಿಲಲ್ಲಿ ಬಳಲಿ ಬರುವವನಿಗಾಗಿ ಗೋಡೆಯು ಈಗಿನಿಂದಲೇ ತಂಪನ್ನು ಕೂಡಿಡತೊಡಗುತ್ತದೆ.